ಕೇಳಿದರೆ ಹೇಳುವ ಡಿಸ್ಕು

ಬೆಂಗಳೂರಿನ ದಂಡು ಪ್ರದೇಶದಲ್ಲಿ ಹಿಂದೆ ಕಂಪ್ಯೂಟರುಗಳಿಗೆ ಎರಡು ಜನ್ಮ ಇರುತ್ತಿತ್ತು. ಮೊದಲನೆಯದು ಇನ್‌ಫೆಂಟ್ರಿ ರಸ್ತೆ, ರೆಸಿಡೆನ್ಸಿ ರಸ್ತೆ, ಏರ್‌ಪೋರ್ಟ್ ರಸ್ತೆಯ ಎಸಿ ಕಚೇರಿಗಳಲ್ಲಿ. ಮೂರು ನಾಲ್ಕು ವರ್ಷ ದುಡಿಸಿಕೊಂಡ ಮೇಲೆ ಕಚೇರಿಯವರು ಅವನ್ನು ಲಾಟ್ ಲೆಕ್ಕದಲ್ಲಿ ಮಾರಿಬಿಡುತ್ತಿದ್ದರು. ಟೆಂಪೋ ಹತ್ತಿ ಶಿವಾಜಿನಗರಕ್ಕೆ ಬಂದ ಆ ಡಬ್ಬಗಳನ್ನು ಅಂಗಡಿಯವರು ಬಿಚ್ಚಿ, ಧೂಳು ಊದಿ, ಒಂದರ ರ್‍ಯಾಮ್ ಇನ್ನೊಂದಕ್ಕೆ ಹಾಕಿ ಮತ್ತೆ ನಿಲ್ಲಿಸುತ್ತಿದ್ದರು. ಎರಡನೇ ಜನ್ಮ ಅಲ್ಲಿಂದ ಶುರು. ಹಲಸೂರಿನ ಟ್ಯೂಷನ್ ಮನೆ, ಜೋಗುಪಾಳ್ಯದ ಡಿಟಿಪಿ ಸೆಂಟರು, ಕೆ.ಆರ್. ಪುರದ ಜೆರಾಕ್ಸ್ ಅಂಗಡಿ, ಹೀಗೆ ಎಲ್ಲೆಲ್ಲಿ ಹೊಸದು ಕೊಳ್ಳುವ ಶಕ್ತಿ ಇರಲಿಲ್ಲವೋ ಅಲ್ಲೆಲ್ಲ ಅವು ಹೋಗಿ ಕೂರುತ್ತಿದ್ದವು.

2006ರ ಸುಮಾರಿಗೆ ನಾನು ಹಲಸೂರಿನ ಒಂದು ಸಂಜೆ ಪಾಠಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಬಜಾರ್ ಬೀದಿಯ ಹಿಂದಿನ ಗಲ್ಲಿಯಲ್ಲಿ ಒಂದು ಮಹಡಿ ಕೋಣೆ. ತಮಿಳು, ಉರ್ದು, ತೆಲುಗು, ಕನ್ನಡ ಮಾತಾಡುವ ಮನೆಗಳ ಮಕ್ಕಳು ಒಂದೇ ಚಾಪೆಯ ಮೇಲೆ ಕೂತು ಓದುತ್ತಿದ್ದರು. ಯಾರೋ ಪುಣ್ಯಾತ್ಮರು ತಮ್ಮ ಕಚೇರಿಯಿಂದ ಕಳಚಿದ ಕಂಪ್ಯೂಟರುಗಳನ್ನು ಪಾಠಶಾಲೆಗೆ ಕೊಡಿಸಿದರು. ಪೆಂಟಿಯಂ 4, 256 ಎಂಬಿ ರ್‍ಯಾಮ್, 40 ಜಿಬಿ ಹಾರ್ಡ್ ಡಿಸ್ಕು. ಕೊಟ್ಟವರು ಡಿಸ್ಕುಗಳನ್ನು ಅಳಿಸಿ ಕೊಟ್ಟಿದ್ದರಿಂದ ಒಳಗೆ ಏನೂ ಇರಲಿಲ್ಲ. ಅವಕ್ಕೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆ ಹಾಕುವ ಜವಾಬ್ದಾರಿ ನನ್ನದಾಯಿತು.

ಲಿನಕ್ಸ್ ಎಂಬ ಹೆಸರು ನಮ್ಮ ಊರಿಗೆ ಹೊಸದಾಗಿರಲಿಲ್ಲ. 1996ರಲ್ಲೇ ಪಿಸಿ ಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯ ಜೊತೆ ಲಿನಕ್ಸ್ ಸಿಡಿ ಹಂಚಿತ್ತು. ಆ ಕೆಲಸದ ಹಿಂದಿದ್ದ ಬೆಂಗಳೂರಿನ ಅತುಲ್ ಚಿಟ್ನಿಸ್ ಮತ್ತು ಗೆಳೆಯರು 2001ರಿಂದ 'ಲಿನಕ್ಸ್ ಬೆಂಗಳೂರು' ಸಮ್ಮೇಳನ ನಡೆಸಿದರು. 2005ರಲ್ಲಿ ಅದು 'ಫಾಸ್ ಡಾಟ್ ಇನ್' ಎಂಬ ಹೊಸ ಹೆಸರಿನಲ್ಲಿ ಬೆಂಗಳೂರು ಅರಮನೆಯಲ್ಲಿ ನಡೆಯಿತು. ಅದೇ ಕಾಲದಲ್ಲಿ ಉಬುಂಟು ಎಂಬ ಲಿನಕ್ಸ್ ಆವೃತ್ತಿಯ ತಂಡದವರು ಕೇಳಿದವರಿಗೆಲ್ಲ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸುತ್ತಿದ್ದರು. ಹಲಸೂರಿನ ಪೋಸ್ಟ್‌ಮ್ಯಾನ್ ತಂದುಕೊಟ್ಟ ರಟ್ಟಿನ ಲಕೋಟೆಯಲ್ಲಿ ಉಬುಂಟು 6.06 ಇತ್ತು. ದುಡ್ಡು ಕೊಡಬೇಕಿಲ್ಲ, ಕದ್ದ ಪ್ರತಿ ಹಾಕಬೇಕಿಲ್ಲ, ಮಕ್ಕಳಿಗೆ ಅದರ ನಕಲು ಮಾಡಿ ಕೊಟ್ಟರೂ ತಪ್ಪಿಲ್ಲ. ಬಡವರ ಮಕ್ಕಳ ಕೈಗೆ ಕೊಡುವ ವಸ್ತು ನೇರ ದಾರಿಯಲ್ಲಿ ಬಂದಿರಬೇಕು ಎಂಬುದು ನಮ್ಮ ಪಾಠಶಾಲೆಯ ಹಠವಾಗಿತ್ತು. ಲಿನಕ್ಸ್ ಆ ಹಠಕ್ಕೆ ಒದಗಿಬಂತು.

ಮೊದಲೆರಡು ಕಂಪ್ಯೂಟರು ಸಲೀಸಾಗಿ ನಿಂತವು. ಮುಂದಿನ ಎರಡರಲ್ಲಿ ತೊಡಕು ಬಂತು. ಸಿಡಿ ತಿರುಗುತ್ತದೆ, ಕಡತಗಳ ನಕಲು ಆರಂಭವಾಗುತ್ತದೆ, ಅರ್ಧ ದಾರಿಯಲ್ಲಿ ಪರದೆಯ ಪಟ್ಟಿ ನಿಂತುಬಿಡುತ್ತದೆ. ಎರಡರ ಲಕ್ಷಣವೂ ಒಂದೇ. ಶಿವಾಜಿನಗರದ ಅಂಗಡಿಯ ಭಾಯ್ ಡಬ್ಬದ ಮೇಲೆ ಅಂಗೈ ಇಟ್ಟು, ತಿರುಗುವ ಸದ್ದು ಕೇಳಿ, "ಸಾರ್, ಎರಡೂ ಡಿಸ್ಕ್ ಹೋಗಿದೆ. ಬೇರೆ ಹಾಕ್ಕೊಡ್ತೀನಿ, ಬಿಟ್ಟೋಗಿ" ಅಂದರು. ಅವರು ಮೋಸಗಾರರಲ್ಲ. ದಿನವಿಡೀ ಇಂಥವನ್ನೇ ನೋಡುವವರು, ಅನುಭವದ ಮೇಲೆ ಹೇಳಿದ ಮಾತು. ಆದರೆ ಎರಡು ಡಿಸ್ಕು ಕೊಳ್ಳುವ ದುಡ್ಡು ನಮ್ಮ ಪಾಠಶಾಲೆಯ ಡಬ್ಬಿಯಲ್ಲಿ ಇರಲಿಲ್ಲ.

ಪಾಠಶಾಲೆಗೆ ಭೌತಶಾಸ್ತ್ರ ಹೇಳಿಕೊಡಲು ಒಬ್ಬ ಹಿರಿಯರು ಬರುತ್ತಿದ್ದರು. ದೂರವಾಣಿನಗರದ ಐಟಿಐ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ಜೀವಮಾನ ಕಳೆದು ನಿವೃತ್ತರಾದವರು. ಮಕ್ಕಳು ಅವರನ್ನು ಐಟಿಐ ಸಾರ್ ಎನ್ನುತ್ತಿದ್ದರು, ನಾವೂ ಹಾಗೇ ಕರೆಯುತ್ತಿದ್ದೆವು. 1948ರಲ್ಲಿ, ಸ್ವಾತಂತ್ರ್ಯ ಬಂದ ಮರುವರ್ಷವೇ, ಕೆ.ಆರ್. ಪುರದ ಪಕ್ಕದಲ್ಲಿ ಹುಟ್ಟಿದ ಆ ಕಾರ್ಖಾನೆ ದೇಶಕ್ಕೆಲ್ಲ ಟೆಲಿಫೋನು, ಎಕ್ಸ್‌ಚೇಂಜುಗಳನ್ನು ಮಾಡಿಕೊಟ್ಟಿತು. ಎಚ್‌ಎಎಲ್, ಐಟಿಐ, ಎನ್‌ಜಿಇಎಫ್ ಎಂದು ಪೂರ್ವ ಬೆಂಗಳೂರಿನ ಮನೆಮನೆಯಲ್ಲೂ ಅಳೆದು ನೋಡುವ ಕಸುಬಿನವರಿದ್ದರು. ಸಾಫ್ಟ್‌ವೇರ್ ಬರುವ ಮೊದಲೇ ಈ ಭಾಗದ ಬುದ್ಧಿಯನ್ನು ತಿದ್ದಿದವರು ಅವರು. ಐಟಿಐ ಸಾರ್ ಗಂಟೆಗಟ್ಟಲೆ ನಿಂತು ಒಂದೊಂದು ರಿಲೇಯನ್ನೂ ಪರೀಕ್ಷಿಸಿದ ಕೈಯವರು. ನನ್ನ ತೊಡಕು ಕೇಳಿ ಅವರು ಹೇಳಿದ ಮಾತನ್ನು ನಾನು ಮುಂದೆ ಯಾವ ಕೆಲಸದಲ್ಲೂ ಬಿಟ್ಟಿಲ್ಲ. "ಕೆಟ್ಟಿದ್ದು ಯಾವ್ದು ಅಂತ ಹುಡುಕ್ಬೇಡಪ್ಪಾ. ಚೆನ್ನಾಗಿರೋದು ಯಾವ್ದು ಅಂತ ಒಂದೊಂದೇ ಖಚಿತ ಮಾಡ್ಕೊಂಡು ಪಕ್ಕಕ್ಕಿಡು. ಕೆಟ್ಟಿದ್ದು ತಾನೇ ಒಂಟಿಯಾಗಿ ನಿಲ್ಲುತ್ತೆ."

ಹಾಗೇ ಮಾಡಿದೆವು. ಉಬುಂಟು ಸಿಡಿಯ ಮೊದಲ ಪರದೆಯಲ್ಲೇ ಸಿಡಿಯನ್ನು ಪರೀಕ್ಷಿಸುವ ಆಯ್ಕೆ ಇರುತ್ತಿತ್ತು; ಗೀರು ಬಿದ್ದ ಸಿಡಿ ಅಲ್ಲೇ ಸಿಕ್ಕಿಬೀಳುತ್ತಿತ್ತು. ನಮ್ಮದು ಪಾಸಾಯಿತು. ಅದರ ಕೆಳಗೆ ಮೆಮೊರಿ ಪರೀಕ್ಷೆಯ ಆಯ್ಕೆ. ಅದನ್ನು ರಾತ್ರಿಯಿಡೀ ಓಡಲು ಬಿಟ್ಟೆವು, ರ್‍ಯಾಮ್‌ಗಳೂ ಪಾಸಾದವು. ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಅನ್ನು ಮೊದಲೇ ನಿಂತಿದ್ದ ಕಂಪ್ಯೂಟರಿನದರ ಜೊತೆ ಅದಲು ಬದಲು ಮಾಡಿದೆವು, ತೊಡಕು ಹಾಗೇ ಉಳಿಯಿತು. ಉಳಿದದ್ದು ಡಿಸ್ಕು ಮತ್ತು ಅದಕ್ಕೆ ಹೋಗುವ ಪಟ್ಟಿ ಕೇಬಲ್ಲು. ಇಲ್ಲಿ ಲಿನಕ್ಸ್ ತನ್ನ ದೊಡ್ಡ ಗುಣ ತೋರಿಸಿತು. ಡಿಸ್ಕಿಗೆ ಏನನ್ನೂ ಹಾಕದೆ ಸಿಡಿಯಿಂದಲೇ ಕಂಪ್ಯೂಟರು ಎಬ್ಬಿಸಬಹುದು. ಹಾಗೆ ಎದ್ದಾಗ ಟರ್ಮಿನಲ್ ತೆರೆದು, ನಾವು 'ಡಿ ಮೆಸೇಜ್' ಎಂದು ಓದುತ್ತಿದ್ದ ಆದೇಶ ಕೊಟ್ಟರೆ, ಲಿನಕ್ಸಿನ ತಿರುಳಾದ ಕರ್ನೆಲ್ ಯಂತ್ರದ ಅಂಗಾಂಗಗಳ ಜೊತೆ ನಡೆಸಿದ ಸಂಭಾಷಣೆಯೆಲ್ಲ ಸಾಲು ಸಾಲಾಗಿ ಮುಂದೆ ಬರುತ್ತದೆ. ಏನನ್ನೂ ಮುಚ್ಚಿಟ್ಟಿರುವುದಿಲ್ಲ.

ಒಂದು ಕಂಪ್ಯೂಟರಿನಲ್ಲಿ 'ಬ್ಯಾಡ್ ಸಿಆರ್‌ಸಿ' ಎಂಬ ಸಾಲು ಮತ್ತೆ ಮತ್ತೆ ಬಂದಿತ್ತು. ಡಿಸ್ಕು ಕಳಿಸಿದ ದತ್ತಾಂಶ ಮದರ್‌ಬೋರ್ಡು ತಲುಪುವಷ್ಟರಲ್ಲಿ ಕೆಡುತ್ತಿದೆ ಎಂದು ಅದರ ಅರ್ಥ. ಅಂದರೆ ದೋಷ ದಾರಿಯಲ್ಲಿದೆ, ಡಿಸ್ಕಿನ ಮೇಲ್ಮೈಯಲ್ಲಲ್ಲ. ಬಿಚ್ಚಿ ನೋಡಿದರೆ ಯಾರೋ ಹಳೆಯ 40 ತಂತಿಯ ಕೇಬಲ್ ಹಾಕಿದ್ದರು. ವೇಗ ಹೆಚ್ಚಿದ ಐಡಿಇ ಡಿಸ್ಕುಗಳಿಗೆ 80 ತಂತಿಯದು ಬೇಕು. ಸಂಕೇತ ಸಾಗಿಸುವ ಪ್ರತಿ ತಂತಿಯ ಪಕ್ಕ ಒಂದೊಂದು ಭೂತಂತಿ ಇದ್ದು ಸಂಕೇತಗಳು ಪರಸ್ಪರ ಕದಡದಂತೆ ಅದು ಕಾಯುತ್ತದೆ. ಶಿವಾಜಿನಗರದಲ್ಲಿ ಚಿಲ್ಲರೆ ಕಾಸಿಗೆ ಸಿಕ್ಕ ಕೇಬಲ್ ಹಾಕಿ, ನೀಲಿ ತುದಿಯನ್ನು ಮದರ್‌ಬೋರ್ಡಿಗೂ ಕಪ್ಪು ತುದಿಯನ್ನು ಡಿಸ್ಕಿಗೂ ಸಿಕ್ಕಿಸಿ ಕೂತರೆ, ಇನ್‌ಸ್ಟಾಲ್ ಕೊನೆ ಮುಟ್ಟಿತು. ಗುಜರಿಗೆ ಹೋಗಬೇಕಿದ್ದ ಆ ಡಿಸ್ಕು ವರ್ಷಗಳ ಕಾಲ ಮಕ್ಕಳ ಪಾಠಗಳನ್ನು ಹೊತ್ತಿತು.

ಇನ್ನೊಂದರ ಮಾತು ಬೇರೆಯಿತ್ತು. 'ಅನ್‌ಕರೆಕ್ಟಬಲ್ ಎರರ್' ಎಂದು ಹೇಳಿ, ಪಕ್ಕದಲ್ಲೇ ಒಂದು ಸೆಕ್ಟರಿನ, ಅಂದರೆ ಡಿಸ್ಕಿನ ಮೇಲ್ಮೈಯ ಒಂದು ಚಿಕ್ಕ ಭಾಗದ, ಸಂಖ್ಯೆ. ಡಿಸ್ಕು ಸಿದ್ಧವಿದೆ, ಹೆಡ್ಡು ಸರಿಯಾದ ಜಾಗಕ್ಕೆ ಹೋಗಿದೆ, ಆದರೆ ಅಲ್ಲಿ ಬರೆದದ್ದನ್ನು ಓದಲು ಆಗುತ್ತಿಲ್ಲ. ಹೊರಗಿಂದ ಒಂದೇ ರೀತಿ ಕಾಣುವ ಎರಡು ಕಾಯಿಲೆಗಳನ್ನು ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿ ಹೇಳಿದ ಯಂತ್ರವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಐಟಿಐ ಸಾರ್ ಕನ್ನಡಕ ಏರಿಸಿಕೊಂಡು ಆ ಸಾಲುಗಳನ್ನು ಎರಡೆರಡು ಸಲ ಓದಿ, "ಇದು ಟೆಸ್ಟ್ ರಿಪೋರ್ಟು ಕಣಪ್ಪಾ" ಎಂದು ಸಂತೋಷಪಟ್ಟರು.

ಈ ಎರಡನೇ ಡಿಸ್ಕೇ ನನ್ನನ್ನು ಸ್ಮಾರ್ಟ್ ಪರೀಕ್ಷೆಯ ಬಳಿಗೆ ಕರೆದೊಯ್ದದ್ದು. ಪ್ರತಿ ಹಾರ್ಡ್ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತನ್ನೊಳಗೇ ಬರೆದುಕೊಳ್ಳುತ್ತದೆ. ಎಷ್ಟು ಗಂಟೆ ಓಡಿದ್ದೇನೆ, ಎಷ್ಟು ಬಿಸಿಯಾಗಿದ್ದೇನೆ, ತಿರುಗಲು ಹೊರಟು ಎಷ್ಟು ಸಲ ತಡವರಿಸಿದ್ದೇನೆ, ಎಷ್ಟು ಸೆಕ್ಟರು ಕಳೆದುಕೊಂಡಿದ್ದೇನೆ. ಈ ಲೆಕ್ಕವನ್ನು ಲಿನಕ್ಸ್‌ನಲ್ಲಿ ಓದಿಕೊಡುವ ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಸಲಕರಣೆಯನ್ನು 2002ರಲ್ಲಿ ಆರಂಭಿಸಿದವರು ಬ್ರೂಸ್ ಅಲೆನ್. ಅವರು ಗುರುತ್ವ ತರಂಗಗಳ ಹುಡುಕಾಟದಲ್ಲಿದ್ದ ಭೌತವಿಜ್ಞಾನಿ. ನೂರಾರು ಕಂಪ್ಯೂಟರುಗಳ ಗುಂಪನ್ನು ನಡೆಸುವಾಗ ಡಿಸ್ಕುಗಳು ಸಾಯುವ ಮೊದಲೇ ಸುಳಿವು ಬೇಕಾಗಿ ಈ ಕೆಲಸಕ್ಕೆ ಕೈಹಾಕಿದರು. ಆಕಾಶದ ಅಲೆಗಳನ್ನು ಹುಡುಕುವವರು ಮಾಡಿದ ಸಲಕರಣೆ ಹಲಸೂರಿನ ಮಹಡಿ ಕೋಣೆಯಲ್ಲಿ ನಮ್ಮ 40 ಜಿಬಿ ಡಿಸ್ಕಿನ ನಾಡಿ ಹಿಡಿಯಿತು. ಸಿಸ್ಟಮ್ ರೆಸ್ಕ್ಯೂ ಸಿಡಿ ಎಂಬ ಒಂದು ಸಿಡಿಯಲ್ಲಿ ಅದು ಸಿದ್ಧವಾಗಿಯೇ ಇರುತ್ತಿತ್ತು.

ಸ್ಮಾರ್ಟ್‌ಮಾನ್‌ಟೂಲ್ಸ್ ಕೊಡುವ ವರದಿಯ ತಲೆಯಲ್ಲಿ ಸಾಮಾನ್ಯವಾಗಿ 'ಪಾಸ್ಡ್' ಎಂದು ಬರೆದಿರುತ್ತದೆ. ಆ ಒಂದು ಪದ ನೋಡಿ ನಿಶ್ಚಿಂತರಾಗುವಂತಿಲ್ಲ. ತಯಾರಕರು ಇಟ್ಟ ಕಟ್ಟಕಡೆಯ ಗೆರೆಯನ್ನು ಡಿಸ್ಕು ಇನ್ನೂ ದಾಟಿಲ್ಲ ಎಂದಷ್ಟೇ ಅದರ ಅರ್ಥ. ಕಣ್ಣು ಕೆಳಗಿನ ಪಟ್ಟಿಗೆ ಹೋಗಬೇಕು. 5ನೇ ಸಂಖ್ಯೆಯ ಸಾಲು, ಬದಲಿ ಜಾಗ ಪಡೆದ ಸೆಕ್ಟರುಗಳದು. 40 ಜಿಬಿಯ ಡಿಸ್ಕಿನಲ್ಲಿ 512 ಬೈಟಿನ ಸೆಕ್ಟರುಗಳು ಸುಮಾರು 7.8 ಕೋಟಿ. ಇವುಗಳ ಆಚೆಗೆ ಒಂದಿಷ್ಟು ಸೆಕ್ಟರುಗಳನ್ನು ತಯಾರಕರು ಕಾದಿಟ್ಟಿರುತ್ತಾರೆ. ಊಟದ ಪಂಕ್ತಿಯಲ್ಲಿ ಒಂದು ಎಲೆ ಹರಿದರೆ ಕಟ್ಟಿನಿಂದ ಇನ್ನೊಂದು ತೆಗೆದು ಹಾಕುವ ಹಾಗೆ, ಕೆಟ್ಟ ಸೆಕ್ಟರಿನ ಜಾಗಕ್ಕೆ ಕಾದಿಟ್ಟದ್ದು ಬರುತ್ತದೆ. 197ನೇ ಸಾಲು ಇದಕ್ಕಿಂತ ಮುಖ್ಯ. ಓದಲಾಗದೆ, ಬದಲಿಯನ್ನೂ ಪಡೆಯದೆ ಅತಂತ್ರವಾಗಿರುವ ಸೆಕ್ಟರುಗಳ ಲೆಕ್ಕ ಅಲ್ಲಿದೆ. ಸಾಮಾನ್ಯವಾಗಿ ಅದರ ಮೇಲೆ ಹೊಸದಾಗಿ ಬರೆದಾಗ ಡಿಸ್ಕು ಅದನ್ನು ಉಳಿಸಿಕೊಳ್ಳಬೇಕೋ ಬದಲಿಸಬೇಕೋ ಎಂದು ತೀರ್ಮಾನಿಸುತ್ತದೆ. 199ನೇ ಸಾಲು ಕೇಬಲ್ ದೋಷದ ಲೆಕ್ಕ. ಮೊದಲ ಕಂಪ್ಯೂಟರಿನ ಕಥೆಯೆಲ್ಲ ಅಲ್ಲಿ ಅಂಕಿಯಾಗಿ ಕೂತಿತ್ತು.

ಎರಡನೇ ಡಿಸ್ಕಿಗೆ ದೀರ್ಘ ಪರೀಕ್ಷೆ ಕೊಟ್ಟೆವು. ಎಷ್ಟು ನಿಮಿಷ ಬೇಕಾದೀತು ಎಂದು ಡಿಸ್ಕೇ ಮೊದಲು ಹೇಳುತ್ತದೆ, ಆಮೇಲೆ ತನ್ನ ಮೇಲ್ಮೈಯನ್ನು ಆದಿಯಿಂದ ಅಂತ್ಯದವರೆಗೆ ತಾನೇ ಓದಿಕೊಳ್ಳುತ್ತದೆ. ನಮ್ಮದು ನಡುವೆಯೇ ನಿಂತು, ಓದಲಾಗದ ಮೊದಲ ಸೆಕ್ಟರಿನ ಸಂಖ್ಯೆ ಬರೆದಿಟ್ಟಿತು. ಇನ್‌ಸ್ಟಾಲ್ ಮಾಡುವಾಗ ಕರ್ನೆಲ್ ಹೇಳಿದ್ದೂ ಅದೇ ಸಂಖ್ಯೆ. ಬೇರೆ ಬೇರೆಯಾಗಿ ಕೇಳಿದ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರು. ಮಾರನೇ ವಾರ ನೋಡಿದರೆ 197ರ ಅಂಕಿ ಏರಿತ್ತು. ಐಟಿಐ ಸಾರ್ ತೀರ್ಪು ಕೊಟ್ಟರು: "ನಿಂತ ನೀರಾದ್ರೆ ಇಟ್ಕೋಬಹುದು. ಇದು ಏರ್ತಾ ಇದೆ. ಮಕ್ಕಳ ಕೆಲಸ ಇದರ ಮೇಲೆ ಇಡೋದು ಬೇಡ."

2007ರಲ್ಲಿ ಗೂಗಲ್‌ನ ಪಿನೇರೊ, ವೆಬರ್, ಬರೋಸೊ ಎಂಬ ಮೂವರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ ಬರೆದ ಪ್ರಬಂಧ ಪ್ರಕಟವಾಯಿತು. ಸ್ವಪರೀಕ್ಷೆಯಲ್ಲಿ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚು ಎಂದು ಅದು ತೋರಿಸಿತು. ಐಟಿಐ ಸಾರ್ ಅವರ ತೀರ್ಪಿಗೆ ಇದು ಬೆಂಬಲವಾಗಿ ನಿಂತಿತು. ಆದರೆ ಪ್ರಬಂಧದ ಇನ್ನೊಂದು ಮಾತು ನನ್ನನ್ನು ಹೆಚ್ಚು ಎಚ್ಚರಿಸಿತು. ಕೆಟ್ಟುಹೋದ ಡಿಸ್ಕುಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚಿನವು ಯಾವ ಸುಳಿವನ್ನೂ ಕೊಡದೆ ಕೆಟ್ಟಿದ್ದವು. ಡಿಸ್ಕು ಕೆಟ್ಟ ಸುದ್ದಿ ಹೇಳಿದರೆ ನಂಬಬೇಕು. ಅದು ಸುಮ್ಮನಿದೆ ಎಂದು ಮಾತ್ರ ಮೈಮರೆಯಬಾರದು. ನಕಲು ಇಟ್ಟುಕೊಳ್ಳುವುದಕ್ಕೆ ಬದಲಿಯಾಗಿ ಯಾವ ಪರೀಕ್ಷೆಯೂ ಇಲ್ಲ.

ಆ ಡಿಸ್ಕನ್ನು ಕಳಚಿದೆವು, ಕಂಪ್ಯೂಟರನ್ನು ಬಿಡಲಿಲ್ಲ. ಶಾಲೆಗಳಿಗೆಂದೇ ಮಾಡಿದ ಎಡುಬುಂಟುವಿನಲ್ಲಿ ಎಲ್‌ಟಿಎಸ್‌ಪಿ ಎಂಬ ವ್ಯವಸ್ಥೆ ಇತ್ತು. ಒಂದು ಗಟ್ಟಿ ಕಂಪ್ಯೂಟರನ್ನು ಸರ್ವರ್ ಮಾಡಿ, ಉಳಿದವು ನೆಟ್‌ವರ್ಕ್ ಕೇಬಲ್ಲಿನ ಮೂಲಕವೇ ಎದ್ದು ನಿಲ್ಲುವ ಏರ್ಪಾಡು. ಡಿಸ್ಕೇ ಇಲ್ಲದ ಕಂಪ್ಯೂಟರಿನ ಮುಂದೆ ಮಕ್ಕಳು ಕೂತು ಚಿತ್ರ ಬಿಡಿಸಿದರು, ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದ ಮೆನುಗಳನ್ನು ಜೋರಾಗಿ ಓದಿದರು. ನಗರದ ಇನ್ನೊಂದು ಮೂಲೆಯಲ್ಲಿ, ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ, ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರ ಕಟ್ಟಿ ಇದೇ ಬಗೆಯ ಕೆಲಸ ಮಾಡುತ್ತಿದ್ದರು. ಅವರ ಸುದ್ದಿ ಕೇಳಿದಾಗ ನಮ್ಮ ಕೋಣೆ ದೊಡ್ಡದೊಂದು ಪ್ರಯತ್ನದ ತುಣುಕು ಎಂಬ ಧೈರ್ಯ ಬಂತು.

ಇಷ್ಟು ಹೊತ್ತಿಗೆ ಬೀದಿಯಲ್ಲಿ ನಮ್ಮ ಸುದ್ದಿ ಹಬ್ಬಿತ್ತು. ಒಂದು ದಿನ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಮೊಮ್ಮಗನ ಕೈಯಲ್ಲಿ ಕಂಪ್ಯೂಟರು ಹೊರಿಸಿಕೊಂಡು ಮೆಟ್ಟಿಲು ಹತ್ತಿ ಬಂದರು. ಹಲಸೂರಿನ ಬಗ್ಗೆ ತಾವು ಕೇಳಿದ್ದು, ಕಂಡದ್ದನ್ನೆಲ್ಲ ಅವರು ವರ್ಷಗಳಿಂದ ಕನ್ನಡದಲ್ಲಿ ಟೈಪು ಮಾಡಿದ್ದರು. ಸೋಮೇಶ್ವರ ದೇವಸ್ಥಾನದ ಹೂವಿನ ಪಲ್ಲಕ್ಕಿ, 1898ರ ಪ್ಲೇಗಿನ ಕಾಲದಲ್ಲಿ ಮನೆ ಬಿಟ್ಟು ಹೋದವರ ಬಗ್ಗೆ ಅವರ ಅಜ್ಜಿ ಹೇಳಿದ ಕಥೆಗಳು, ದಂಡಿನ ಸಿಪಾಯಿಗಳಿಗೆ ಹಾಲು ಹಾಕುತ್ತಿದ್ದ ಮನೆಗಳ ಸಂಗತಿ. "ಎರಡು ದಿನದಿಂದ ಟಿಕ್ ಟಿಕ್ ಅಂತ ಸದ್ದು ಮಾಡ್ತಿದೆ ಮಗಾ. ಬರೆದಿದ್ದು ಸಿಕ್ಕರೆ ಸಾಕು, ಮಿಷಿನ್ನು ಹೋದ್ರೆ ಹೋಗ್ಲಿ" ಅಂದರು.

ಸದ್ದು ಮಾಡುವ ಡಿಸ್ಕಿನ ಮೇಲೆ ದುರಸ್ತಿ ಆದೇಶ ಓಡಿಸುವುದು ಅದನ್ನು ಬೇಗ ಕೊಲ್ಲುವ ದಾರಿ. ದೀರ್ಘ ಪರೀಕ್ಷೆಯೂ ಬೇಡ. ಅದರಲ್ಲಿ ಉಳಿದಿರುವ ಓದುವ ಶಕ್ತಿಯೆಲ್ಲ ನಕಲಿಗೆ ಖರ್ಚಾಗಬೇಕು. ಅದಕ್ಕೆಂದೇ ಡಿಡಿ ರೆಸ್ಕ್ಯೂ ಎಂಬ ಗ್ನೂ ಸಲಕರಣೆ ಇದೆ. ಸಾಮಾನ್ಯ ನಕಲು ಮೊದಲ ಕೆಟ್ಟ ಸೆಕ್ಟರಿನ ಮುಂದೆ ಹಟ ಹಿಡಿದು ಕೂರುತ್ತದೆ. ಇದು ಹಾಗಲ್ಲ. ಸುಲಭವಾಗಿ ಸಿಗುವುದನ್ನು ಮೊದಲು ಬಾಚಿಕೊಂಡು, ತಡೆಯುವ ಜಾಗವನ್ನು ಗುರುತು ಹಾಕಿ ದಾಟಿ ಹೋಗುತ್ತದೆ. ಆಮೇಲೆ ಹಿಂತಿರುಗಿ ಅಂಚುಗಳಿಂದ ಸ್ವಲ್ಪ ಸ್ವಲ್ಪವೇ ಬಿಡಿಸುತ್ತದೆ. ಎಲ್ಲಿಯವರೆಗೆ ಬಂದೆ ಎಂಬುದನ್ನು ಒಂದು ಕಡತದಲ್ಲಿ ಬರೆದಿಡುತ್ತದೆ. ಮಳೆಗಾಲದ ಸಂಜೆ ಪದೇ ಪದೇ ಕರೆಂಟು ಹೋಗುವ ನಮ್ಮ ಬೀದಿಯಲ್ಲಿ ಆ ಕಡತವೇ ನಮ್ಮನ್ನು ಕಾಪಾಡಿತು. ಕರೆಂಟು ಬಂದಾಗ ಬಿಟ್ಟಲ್ಲಿಂದಲೇ ಮುಂದುವರಿಯಿತು. ಡಿಸ್ಕು ಪೂರ್ತಿ ನಿಲ್ಲುವ ಮೊದಲು ಬಹುಪಾಲು ಹೊರಬಂತು.

ಹೊರಬಂದದ್ದನ್ನು ಲಿನಕ್ಸ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂದಲ. ಟೀಚರಮ್ಮನ ಮುಖ ಬಾಡಿತು. ಡಿಸ್ಕಿನ ತಪ್ಪು ಅದಲ್ಲ ಎಂದು ಅವರಿಗೆ ಬಿಡಿಸಿ ಹೇಳಿದೆ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆಯೇ ಕನ್ನಡದ ಒತ್ತು, ಗುಣಿತಗಳ ಆಕಾರಗಳನ್ನು ಕೂರಿಸುತ್ತಿದ್ದವು. ಶೇಷಾದ್ರಿವಾಸು ಅವರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶಗಳು ಇಲ್ಲದಿದ್ದರೆ ಆ ತಲೆಮಾರು ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದೇ ಕಷ್ಟವಿತ್ತು. ಆ ಫಾಂಟು ಇಲ್ಲದ ಕಡೆ ಮಾತ್ರ ಅಕ್ಷರ ಕಾಣದು. ಪರಿವರ್ತಕದಲ್ಲಿ ಹಾಯಿಸಿ ಯೂನಿಕೋಡಿಗೆ ತಂದೆವು. ಮೊದಲ ಪುಟ ಕನ್ನಡವಾಗಿ ಪರದೆಯ ಮೇಲೆ ನಿಂತಾಗ ಅವರು ಅದನ್ನು ಗಟ್ಟಿಯಾಗಿ ಓದಿ ಕೇಳಿಸಿದರು. ಇಂಥ ಬರಹ ಉಳಿಯಬೇಕಾದರೆ ಡಿಸ್ಕಿನ ಕಾಂತೀಯ ಕಣ ಉಳಿದರಷ್ಟೇ ಸಾಲದು, ಅದನ್ನು ಓದುವ ಸಂಕೇತವೂ ಎಲ್ಲರಿಗೆ ತೆರೆದಿರಬೇಕು ಎಂದು ಅಂದು ನನಗೆ ಮನದಟ್ಟಾಯಿತು. ಮುಂದೆ ಅರವಿಂದ ವಿ.ಕೆ. ಅವರಂಥವರು ಇಂಥ ಪರಿವರ್ತಕವನ್ನೂ, ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳನ್ನೂ ಕೊಟ್ಟಾಗ ನಾನು ಮನಸಾರೆ ನೆನೆದದ್ದು ಆ ಟೀಚರಮ್ಮನನ್ನು.

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ನಮ್ಮ ಮೆಟ್ರೋ ಓಡತೊಡಗಿತು, ಹಲಸೂರಿಗೂ ಇಂದಿರಾನಗರಕ್ಕೂ ನಿಲ್ದಾಣ ಬಂತು. ಅದೇ ತಿಂಗಳು ಥಾಯ್ಲೆಂಡಿನಲ್ಲಿ ಮಹಾ ನೆರೆ. ಜಗತ್ತಿನ ಡಿಸ್ಕುಗಳ ದೊಡ್ಡ ಪಾಲು ತಯಾರಾಗುತ್ತಿದ್ದ ಕಾರ್ಖಾನೆಗಳು ಮುಳುಗಿ, ಹೊಸ ಡಿಸ್ಕುಗಳ ಬೆಲೆ ಎಲ್ಲೆಡೆ ಗಗನಕ್ಕೇರಿತು. ಶಿವಾಜಿನಗರದಲ್ಲಿ ಹಳೇ ಡಿಸ್ಕುಗಳಿಗೂ ಬೇಡಿಕೆ ಬಂತು. ಆಗ ಭಾಯ್ ತಮ್ಮ ಕೌಂಟರಿನಲ್ಲೇ ಒಂದು ಕಂಪ್ಯೂಟರು ಬಿಟ್ಟುಕೊಟ್ಟರು. ನಾವು ಪೆನ್ ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ, ಒಂದೊಂದು ಡಿಸ್ಕಿನ ಲೆಕ್ಕವನ್ನೂ ಎಲ್ಲರ ಮುಂದೆ ಓದುತ್ತಿದ್ದೆವು. ಬಿಡುವಿಲ್ಲದೆ ಓಡಿದರೆ ವರ್ಷಕ್ಕೆ 8,760 ಗಂಟೆ. 'ಮನೆಯಲ್ಲಿ ಎರಡು ವರ್ಷ ಬಳಸಿದ್ದು' ಎಂದು ಬಂದ ಡಿಸ್ಕಿನ 9ನೇ ಸಾಲಿನಲ್ಲಿ 30,000 ಗಂಟೆ ಇದ್ದರೆ, ಅದು ಎಲ್ಲೋ ಸರ್ವರ್ ಆಗಿಯೋ ಸಿಸಿಟಿವಿಯ ಹಿಂದೆಯೋ ದುಡಿದು ಬಂದದ್ದು. ಭಾಯ್ ಆ ಅಂಕಿಯನ್ನು ಚೀಟಿಯಲ್ಲಿ ಬರೆದು ಡಿಸ್ಕಿನ ಮೇಲೆ ಅಂಟಿಸಿ, ಅದಕ್ಕೆ ತಕ್ಕ ಬೆಲೆ ಹೇಳತೊಡಗಿದರು. ಅಂಗೈ ಇಟ್ಟು ಹೇಳುತ್ತಿದ್ದ ಅವರ ಅನುಭವಕ್ಕೆ ಈ ಲೆಕ್ಕ ಜೊತೆಯಾದದ್ದು ಕೊಳ್ಳುವವರಿಗೂ ಅವರಿಗೂ ಒಳ್ಳೆಯದನ್ನೇ ಮಾಡಿತು.

ಈಗ ನಾನು ಕೆ.ಆರ್. ಪುರದಲ್ಲಿದ್ದೇನೆ. 2023ರಲ್ಲಿ ಇಲ್ಲಿಗೂ ಮೆಟ್ರೋ ಬಂದಿದೆ. ಪಿಜಿಗಳಲ್ಲಿರುವ ಹುಡುಗ ಹುಡುಗಿಯರು ಹಳೇ ಲ್ಯಾಪ್‌ಟಾಪು ಹಿಡಿದು ಬರುತ್ತಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಇದು ಹೆಚ್ಚಾಗಿದೆ. ವಿಂಡೋಸ್ 11ರ ನಿಯಮಕ್ಕೆ ಹೊಂದದ, ಆದರೆ ಗಟ್ಟಿಮುಟ್ಟಾದ ಯಂತ್ರಗಳು ಗುಜರಿಯ ದಾರಿ ಹಿಡಿದಿವೆ. ಅವಕ್ಕೆ ಲಿನಕ್ಸ್ ಹಾಕಬಹುದು. ಎಷ್ಟೋ ಯಂತ್ರಗಳಲ್ಲಿ ತಿರುಗುವ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಬಂದಿದೆ. ಅದಕ್ಕೆ ಟಿಕ್ ಟಿಕ್ ಸದ್ದಿಲ್ಲ, ಅಂಗೈಗೆ ಏನೂ ತಿಳಿಯದು. ಕೇಳಿ ತಿಳಿದುಕೊಳ್ಳುವ ಕೆಲಸ ಇನ್ನಷ್ಟು ಅಗತ್ಯವಾಗಿದೆ. ಎಷ್ಟು ಸವೆದಿದೆ ಎಂಬುದನ್ನು ಅದೇ ಸ್ಮಾರ್ಟ್‌ಮಾನ್‌ಟೂಲ್ಸ್ ಇಂದಿಗೂ ಹೇಳುತ್ತದೆ.

ಅವರಿಗೆ ನಾನು ಹೇಳಿಕೊಡುವುದು ಒಂದು ಕ್ರಮ. ಮೊದಲು ನಕಲು, ಆಮೇಲೆ ಪರೀಕ್ಷೆ, ಕೊನೆಗೆ ಇನ್‌ಸ್ಟಾಲ್. ಪರೀಕ್ಷೆಗೆ ಮುಂಚೆ ನಕಲು ಏಕೆಂದರೆ, ಸೊರಗಿದ ಡಿಸ್ಕು ಪರೀಕ್ಷೆಯ ಭಾರವನ್ನೂ ತಾಳಲಾರದು. ಇನ್‌ಸ್ಟಾಲ್‌ಗೆ ಮುಂಚೆ ಪರೀಕ್ಷೆ ಏಕೆಂದರೆ, ಕುಸಿಯುತ್ತಿರುವ ನೆಲದ ಮೇಲೆ ಹೊಸ ಮನೆ ಕಟ್ಟಿದವರು ಆಮೇಲೆ ಲಿನಕ್ಸನ್ನೇ ದೂರುತ್ತಾರೆ. ಇದನ್ನು ಕಲಿಯಲು ಇಂಜಿನಿಯರಿಂಗ್ ಓದಿರಬೇಕಿಲ್ಲ. ಹಲಸೂರಿನ ಚಾಪೆಯ ಮೇಲೆ ಕೂತಿದ್ದ ಏಳನೇ ಕ್ಲಾಸಿನ ಹುಡುಗಿ 197ನೇ ಸಾಲು ನೋಡಿ, "ಸಾರ್, ಹೋದ ವಾರಕ್ಕಿಂತ ಜಾಸ್ತಿ ಆಗಿದೆ" ಎಂದು ಹೇಳಬಲ್ಲವಳಾಗಿದ್ದಳು. ತನ್ನ ಯಂತ್ರಕ್ಕೆ ಏನಾಗಿದೆ ಎಂದು ತಾನೇ ಕೇಳಿ ತಿಳಿಯುವ ಹಕ್ಕು ಅವಳಿಗೆ ಸಿಕ್ಕಿದ್ದು, ಆ ಸಲಕರಣೆಗಳನ್ನು ಮಾಡಿದವರು ಅವನ್ನು ಬೀಗ ಹಾಕಿ ಇಡದೆ ಹಂಚಿದ್ದರಿಂದ. ಕೆ.ಆರ್. ಪುರದ ಈ ಮಕ್ಕಳಿಗೂ ಆ ಹಕ್ಕು ಪೂರ್ತಿಯಾಗಿ ಸಿಗಬೇಕು. ಅದಕ್ಕಾಗಿ ನಾನು ಈ ಕೆಲಸ ಮುಂದುವರಿಸಿದ್ದೇನೆ.